ರೇಡಿಯೊ ಅಕ್ಕ ಸುದ್ದಿಯ ಬೆನ್ನು ಹತ್ತಿದ್ದು

ಪುಸ್ತಕ ಕಟ್ಟುವ ಆ ಶೆಡ್ಡಿನಲ್ಲಿ ಮೂವತ್ತೊಂದು ಹೆಂಗಸರು, ಆರು ಮಂದಿ ಗಂಡಸರು ಕೆಲಸ ಮಾಡುತ್ತಿದ್ದರು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಬೇಕು, ಮಡಿಕೆಯ ಮೇಲೆ ಮರದ ಪಟ್ಟಿ ತೀಡಬೇಕು, ಪುಟಗಳನ್ನು ಕ್ರಮವಾಗಿ ಜೋಡಿಸಿ ಹೊಲಿಯಬೇಕು, ಬೆನ್ನಿಗೆ ಅಂಟು ಬಳಿದು ರಟ್ಟು ಹಾಕಬೇಕು. ಕೈಗೆ ಪುರಸೊತ್ತಿಲ್ಲ, ಕಿವಿಗೆ ಕೆಲಸವಿಲ್ಲ. ಕಿವಿ ಖಾಲಿಯಿದ್ದರೆ ಬಾಯಿ ಸುಮ್ಮನಿರುತ್ತದೆಯೇ? ಮಾತಿಗೆ ಮಾತು ಬೆಳೆದು, ಒಬ್ಬರ ಸೊಸೆಯ ಕಥೆ ಇನ್ನೊಬ್ಬರ ನಾದಿನಿಯ ಕಥೆಗೆ ಗಂಟುಬಿದ್ದು, ಹದಿನಾರನೇ ಪುಟವಾದ ಮೇಲೆ ನೇರವಾಗಿ ಮೂವತ್ಮೂರನೇ ಪುಟ ಹೊಲಿದುಹೋಗುತ್ತಿತ್ತು. ಯಜಮಾನರು ತಲೆ ಚಚ್ಚಿಕೊಂಡು ಕೊನೆಗೊಂದು ಉಪಾಯ ಮಾಡಿದರು. ಬೆಳಿಗ್ಗೆ ಅರ್ಧ ಗಂಟೆ, ಊಟವಾದ ಮೇಲೆ ಅರ್ಧ ಗಂಟೆ ಯಾರಾದರೊಬ್ಬರು ಕೆಲಸ ಬಿಟ್ಟು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಕೈ ಆಡಿಸುತ್ತ ಕೇಳಬೇಕು.

ಓದುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಕಾಗದ ಕತ್ತರಿಸುವ ಯಂತ್ರ ದಿನವಿಡೀ ಧಡ್ ಧಡ್ ಎನ್ನುತ್ತಿತ್ತು. ಆ ಸದ್ದನ್ನು ಮೀರಿ ಆಚೆ ಗೋಡೆಗೆ ಮುಟ್ಟುವ ಗಂಟಲು ಇದ್ದದ್ದು ಮಡಿಕೆ ಮೇಜಿನ ಒಬ್ಬಳಿಗೆ ಮಾತ್ರ. ವಯಸ್ಸು ನಲವತ್ನಾಲ್ಕು, ಓದಿದ್ದು ಏಳನೇ ಕ್ಲಾಸು. ಮೊದಲ ವಾರವೇ ಅವಳಿಗೆ ರೇಡಿಯೊ ಅಕ್ಕ ಎಂಬ ಹೆಸರು ಬಿತ್ತು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ, ಕತ್ತರಿಸುವ ಯಂತ್ರದ ಮುಂದೆ ನಿಲ್ಲುವ ಕಟಿಂಗ್ ಮಾವನೂ ಹಾಗೇ ಕರೆಯತೊಡಗಿದರು.

ರೇಡಿಯೊ ಅಕ್ಕನಿಗೆ ಆ ಕೆಲಸ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು. ಚಿಕ್ಕಂದಿನಲ್ಲಿ ಅಂಗಡಿಯ ಪೊಟ್ಟಣ ಬಿಚ್ಚಿದರೆ ಸಾಮಾನಿಗಿಂತ ಮೊದಲು ಕಾಗದ ಓದುತ್ತಿದ್ದವಳು ಅವಳು. ಈಗ ಇಡೀ ಪತ್ರಿಕೆಯೇ ಕೈಗೆ ಬಂದಿತ್ತು. ಏರಿಳಿಸಿ, ನಿಲ್ಲಿಸಿ, ಕಳ್ಳತನದ ಸುದ್ದಿಗೆ ಪಿಸುದನಿ, ಚುನಾವಣೆಯ ಸುದ್ದಿಗೆ ಗುಡುಗು ಸೇರಿಸಿ ಓದಿದಳು. ಶೆಡ್ಡು ಕಿವಿಯಾಯಿತು. ಪುಟ ತಪ್ಪುವುದೂ ನಿಂತಿತು.

ಹೀಗೆ ನಾಲ್ಕು ತಿಂಗಳು ನಡೆದ ಮೇಲೆ ಸೇತುವೆಯ ಅವಾಂತರವಾಯಿತು.

ಆ ಊರಿನ ನದಿಯ ಆಚೆಗೆ ಮನೆಗಳು, ಈಚೆಗೆ ಕಾರ್ಖಾನೆಗಳು. ನಡುವೆ ಬಸ್ಸು ಓಡುವ ಸೇತುವೆ ಒಂದೇ. ಒಂದು ಶನಿವಾರ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಸೋಮವಾರದಿಂದ ಸೇತುವೆ ಬಂದ್ ಎಂದು ಬಂದಿತ್ತು. ಅಕ್ಕ ಅದನ್ನು ಎದೆ ನಡುಗುವಂತೆ ಓದಿದಳು. ಸೋಮವಾರ ಮೂವತ್ತು ಹೆಂಗಸರು ಬೆಳಗಾಗುವ ಮೊದಲೇ ಎದ್ದು, ಊಟದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಹಳೆಯ ರೈಲು ಸೇತುವೆಯ ದಾರಿಯಿಂದ ಸುತ್ತಿ ಐದು ಕಿಲೋಮೀಟರ್ ನಡೆದರು. ದಾರಿ ನದಿಯ ಪಕ್ಕಕ್ಕೆ ಬಂದಾಗ ನೋಡುತ್ತಾರೆ, ಅವರು ದಿನಾ ಹತ್ತುವ ಬಸ್ಸು ಸೇತುವೆಯ ಮೇಲೆ ಖಾಲಿ ಹೊಟ್ಟೆಯಲ್ಲಿ ಹಾಯಾಗಿ ಹೋಗುತ್ತಿದೆ. ಕಂಡಕ್ಟರ್ ಕಿಟಕಿಯಿಂದ ಕೈ ಬೀಸಿದ.

ಶೆಡ್ಡು ತಲುಪಿದಾಗ ಎಲ್ಲರ ಕಾಲೂ ಬಾತಿತ್ತು, ಅದಕ್ಕಿಂತ ಹೆಚ್ಚಾಗಿ ಮುಖ. ಯಾರೂ ಅಕ್ಕನ ಕಡೆ ನೋಡಲಿಲ್ಲ. ಕಟಿಂಗ್ ಮಾವ ಶನಿವಾರದ ಪತ್ರಿಕೆಯನ್ನು ರದ್ದಿಯಿಂದ ಎಳೆದು, ಕನ್ನಡಕ ಏರಿಸಿ, ತಲೆಬರಹದ ತುದಿಯ ಮೇಲೆ ಬೆರಳಿಟ್ಟರು. ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯಿತ್ತು.

"ಈ ಕೊಕ್ಕೆಯನ್ನ ಯಾಕಮ್ಮಾ ಓದಲಿಲ್ಲ?" ಎಂದು ಕೇಳಿದರು.

ಅಕ್ಕ ಕೆಳಗಿನ ಸಣ್ಣ ಅಕ್ಷರ ಓದಿದಳು. ದುರಸ್ತಿಯ ಬಗ್ಗೆ ಯೋಚನೆ ನಡೆದಿದೆ, ಬಂದ್ ಮಾಡಬೇಕಾದೀತು ಎಂದು ಬಲ್ಲವರು ಹೇಳುತ್ತಾರೆ ಎಂದಿತ್ತು. ಬಲ್ಲವರು ಯಾರು ಎಂದಿರಲಿಲ್ಲ. ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಆದರೆ ಆ ನಾಚಿಕೆಯ ಅಡಿಯಲ್ಲಿ ಬೇರೇನೋ ಕುದಿಯತೊಡಗಿತು. ಒಂದು ಕೊಕ್ಕೆ ಮೂವತ್ತು ಜನರನ್ನು ಐದು ಕಿಲೋಮೀಟರ್ ನಡೆಸುವುದಾದರೆ ಪತ್ರಿಕೆಯಲ್ಲಿ ಇನ್ನೂ ಏನೇನು ಅಡಗಿರಬಹುದು? ಕಣ್ಣೆದುರಿಗೇ ಇದ್ದ ಒಂದು ಬಾಗಿಲು ಈಗ ಕಂಡಂತಾಯಿತು ಅವಳಿಗೆ.

ಯಜಮಾನರ ಹತ್ತಿರ ಹೋಗಿ, ಇನ್ನೊಂದು ಪತ್ರಿಕೆಯೂ ಬೇಕು ಎಂದಳು. ಇರುವ ಒಂದನ್ನೇ ಸರಿಯಾಗಿ ಓದು ಅಂದರು ಅವರು. ಸರಿಯಾಗಿ ಓದುವುದಕ್ಕೇ ಎರಡು ಬೇಕು ಅಂದಳು ಇವಳು. ಯಜಮಾನರಿಗೆ ಅರ್ಥವಾಗಲಿಲ್ಲ, ಆದರೆ ಆ ಗಂಟಲಿನ ಜೊತೆ ವಾದಕ್ಕೆ ನಿಲ್ಲುವ ತ್ರಾಣವೂ ಇರಲಿಲ್ಲ.

ಎರಡನೆಯದು ಬಂತು. ಮೊದಲಿನದಕ್ಕೆ ಬಣ್ಣದ ಪೇಪರು ಎಂದೂ, ಚಿತ್ರ ಕಡಿಮೆಯಿದ್ದ ಎರಡನೆಯದಕ್ಕೆ ಕಪ್ಪು ಪೇಪರು ಎಂದೂ ಹೆಂಗಸರೇ ಹೆಸರಿಟ್ಟರು. ಮೂರನೆಯ ದಿನವೇ ಮಜಾ ಶುರುವಾಯಿತು. ಹಳೇ ಮಾರುಕಟ್ಟೆಯನ್ನು ಊರಾಚೆಗೆ ಸಾಗಿಸಬಾರದೆಂದು ನಡೆದ ಮೆರವಣಿಗೆಯಲ್ಲಿ ನಾಲ್ಕು ಸಾವಿರ ಜನ ಇದ್ದರು ಎಂದು ಬಣ್ಣದ ಪೇಪರು ಬರೆದಿತ್ತು. ನಾಲ್ಕು ನೂರು ಎಂದು ಕಪ್ಪು ಪೇಪರು. ಒಂದು ಸೊನ್ನೆಗಾಗಿ ಶೆಡ್ಡು ಎರಡು ಪಾಲಾಯಿತು. ಹೊಲಿಗೆಯವರೆಲ್ಲ ಬಣ್ಣದ ಪಕ್ಷ, ಅಂಟಿನವರೆಲ್ಲ ಕಪ್ಪು ಪಕ್ಷ. ನಿಮ್ಮದು ಅಂಗಡಿಯವರ ಪೇಪರು ಅಂತ ಇವರು, ನಿಮ್ಮದು ಆಫೀಸಿನವರ ಪೇಪರು ಅಂತ ಅವರು. ಒಬ್ಬರ ಪಕ್ಷದ ಪೇಪರಿನಲ್ಲಿ ಇನ್ನೊಬ್ಬರು ಊಟದ ಡಬ್ಬಿ ಸುತ್ತುವುದೂ ನಿಂತಿತು.

ಅಕ್ಕ ಮಾತ್ರ ಯಾವ ಪಕ್ಷವನ್ನೂ ಸೇರದೆ ಭಾನುವಾರ ಹಳೇ ಮಾರುಕಟ್ಟೆಗೆ ಹೋದಳು. ಮೆರವಣಿಗೆ ಹೋದ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಹೆಜ್ಜೆಯಲ್ಲಿ ಅಳೆದಳು. ಒಂದು ಸಾಲಿಗೆ ಏಳೆಂಟು ಜನಕ್ಕಿಂತ ಹೆಚ್ಚು ಹಿಡಿಸದ ಬೀದಿ. ಬಳೆ ಅಂಗಡಿಯವಳನ್ನು, ಎದುರಿನ ಚಪ್ಪಲಿ ಹೊಲಿಯುವವನನ್ನು ಕೇಳಿದಳು. ಮೆರವಣಿಗೆಯ ತಲೆ ಚೌಕ ಮುಟ್ಟಿದಾಗ ಬಾಲ ಎಲ್ಲಿತ್ತು? ಇಬ್ಬರೂ ಒಂದೇ ಜಾಗ ತೋರಿಸಿದರು, ಸೈಕಲ್ ಅಂಗಡಿಯ ಮುಂದೆ. ಮನೆಗೆ ಬಂದು ರದ್ದಿ ಕಾಗದದ ಹಿಂಬದಿಯಲ್ಲಿ ಗುಣಿಸಿ ನೋಡಿದಳು. ಸಾವಿರದ ಮುನ್ನೂರರ ಆಸುಪಾಸು. ಎರಡೂ ಪತ್ರಿಕೆಗಳು ತಪ್ಪು.

ಆ ರಾತ್ರಿಯೂಟಕ್ಕೆ ಅವಳಿಗೆ ಹಸಿವೇ ಆಗಲಿಲ್ಲ, ಅಷ್ಟು ಹಿಗ್ಗು. ಮನೆಯಲ್ಲಿ ಅತ್ತೆ ಟಿವಿಯ ಮುಂದೆ ಕೂತಿದ್ದರು. ಎಪ್ಪತ್ತೆರಡು ವರ್ಷದ ಆ ಅತ್ತೆಗೆ ಒಂದೇ ಚಾನೆಲ್ಲು, ಅದರಲ್ಲಿ ಬಂದದ್ದೇ ವೇದವಾಕ್ಯ. ಸೊಸೆ ಲೆಕ್ಕ ತೋರಿಸಿದಾಗ, ಲಾರಿ ಓಡಿಸುವ ಮಗ ದೂರದೂರಿನಿಂದ ಬರಲಿ, ನಿನ್ನ ಹುಚ್ಚು ಅವನಿಗೂ ಹೇಳ್ತೀನಿ ಅಂದರು.

ಅಕ್ಕ ಎರಡೂ ಪತ್ರಿಕೆಗಳಿಗೆ ಕಾಗದ ಬರೆದಳು. ಬೀದಿಯ ಅಗಲ, ಸಾಲಿಗೆಷ್ಟು ಜನ, ಬಾಲ ಎಲ್ಲಿತ್ತು, ಯಾರು ಹೇಳಿದರು, ಎಲ್ಲ ಸೇರಿಸಿ. ಬಣ್ಣದ ಪೇಪರಿನಿಂದ ಸದ್ದಿಲ್ಲ. ಹತ್ತನೆಯ ದಿನ ಕಪ್ಪು ಪೇಪರಿನ ಏಳನೇ ಪುಟದ ಮೂಲೆಯಲ್ಲಿ, ಬೆರಳುದ್ದದ ಚೌಕದಲ್ಲಿ ಮೂರು ಸಾಲು ಬಂತು. ಮೆರವಣಿಗೆಯ ಜನಸಂಖ್ಯೆಯನ್ನು ನಾವು ಕಚೇರಿಯೊಂದರ ಹೇಳಿಕೆಯ ಮೇಲೆ ಕೊಟ್ಟಿದ್ದೆವು, ಅದು ಸರಿಯಲ್ಲ, ಓದುಗರೊಬ್ಬರು ತಿಳಿಸಿದ ಮೇಲೆ ವಿಚಾರಿಸಿದಾಗ ಸಾವಿರಕ್ಕೂ ಮಿಕ್ಕಿ ಜನ ಇದ್ದುದು ತಿಳಿಯಿತು, ತಪ್ಪಿಗೆ ವಿಷಾದಿಸುತ್ತೇವೆ.

ಅದನ್ನು ರೇಡಿಯೊ ಅಕ್ಕ ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದಳು. ಓದುಗರೊಬ್ಬರು ಅಂದರೆ ನಮ್ಮ ಅಕ್ಕನಾ ಎಂದು ಅಂಟಿನ ಮೇಜು ಕೇಳಿತು. ಕಟಿಂಗ್ ಮಾವ ಯಂತ್ರ ನಿಲ್ಲಿಸಿ ಬಂದು ಚೌಕವನ್ನು ಎರಡು ಸಲ ಓದಿದರು. ಆಮೇಲೆ ತಮ್ಮ ಎಂದಿನ ಅನುಮಾನ ತೆಗೆದರು.

"ಇವರೇ ತಪ್ಪು ಅಂತ ಒಪ್ಕೊಂಡಿದಾರಲ್ಲ, ಇನ್ನು ಇವರನ್ನ ನಂಬೋದು ಹೇಗೆ?"

"ಮಾವ, ನೀವು ಮೂವತ್ತು ವರ್ಷದಲ್ಲಿ ಒಂದು ಸಲನೂ ಕಾಗದ ವಕ್ರ ಕತ್ತರಿಸಿಲ್ವಾ?"

"ಕತ್ತರಿಸಿದೀನಿ."

"ಮುಚ್ಚಿಟ್ರಾ, ಹೇಳಿದ್ರಾ?"

ಮಾವ ತಿರುಗಿ ಯಂತ್ರದ ಕಡೆ ಹೋದರು. ಅಂದಿನಿಂದ ಅವರು ಅಕ್ಕನ ಬಲಗೈಯಾದರು. ಸುದ್ದಿ ಓದಿದಾಗಲೆಲ್ಲ ಅಲ್ಲಿಂದಲೇ ಕೂಗುವರು, ಹೇಳಿದವರು ಯಾರು, ನೋಡಿದವರು ಯಾರು ಅಂತ. ಅಕ್ಕ ಹುಡುಕಿ ಹೇಳುವಳು. ಸಿಗದಿದ್ದರೆ, ಇದರಲ್ಲಿ ಬರೆದಿಲ್ಲ ಅನ್ನುವಳು. ಬರಬರುತ್ತಾ ಹೊಲಿಗೆಯ ಹುಡುಗಿಯರೂ ಆ ಪ್ರಶ್ನೆ ಕಲಿತರು. ಬೇಸಿಗೆಯ ಹೊತ್ತಿಗೆ ಶೆಡ್ಡಿನಲ್ಲಿ ಪಕ್ಷಗಳು ಮಾಯವಾಗಿದ್ದವು. ಎರಡು ಪತ್ರಿಕೆ ಸಾಲದು, ಮೂರನೆಯದು ತರಿಸಿ ಎಂದು ಅಂಟಿನವರೇ ಯಜಮಾನರ ಬಾಗಿಲು ತಟ್ಟಿದರು.

ಇಷ್ಟಾದರೂ ಇದೆಲ್ಲ ಒಂದು ಆಟದ ಹಾಗೇ ಇತ್ತು. ಆಟ ಅಲ್ಲ ಎಂದು ಗೊತ್ತಾದದ್ದು ಒಂದು ಬುಧವಾರ.

ಬೆಳಿಗ್ಗೆ ಹನ್ನೊಂದಕ್ಕೆ ಹೊಲಿಗೆಯ ಮೇಜಿನಲ್ಲಿ ಒಂದು ಫೋನು ಹೊಡೆದುಕೊಂಡಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಎಲ್ಲದರಲ್ಲೂ ಒಬ್ಬ ಗಂಡಸಿನ ಧ್ವನಿಯ ಅದೇ ಸಂದೇಶ. ಊರಿನ ನೀರಿನ ಟ್ಯಾಂಕಿಗೆ ವಿಷ ಬಿದ್ದಿದೆ, ಮೂರು ಮಕ್ಕಳು ಈಗಷ್ಟೇ ತೀರಿಕೊಂಡಿವೆ, ಯಾರೂ ನೀರು ಮುಟ್ಟಬೇಡಿ, ಎಲ್ಲರಿಗೂ ಕಳಿಸಿ. ಸೂಜಿಗಳು ಮೇಜಿನ ಮೇಲೆ ಬಿದ್ದವು. ಹೊಲಿಗೆಯವಳೊಬ್ಬಳು ನನ್ನ ಮಗು ಸ್ಕೂಲಲ್ಲಿದೆ ಎಂದು ಎದ್ದು ನಿಂತಳು. ಅಷ್ಟರಲ್ಲಿ ಅಕ್ಕನ ಫೋನಿಗೆ ಅತ್ತೆಯ ಕರೆ ಬಂತು. ಟಿವಿಯಲ್ಲಿ ಕೆಂಪಕ್ಷರದಲ್ಲಿ ಬರ್ತಾ ಇದೆ, ನಿನ್ನ ಪೇಪರು ನಾಳೆ ಬರುವ ಹೊತ್ತಿಗೆ ನಾವ್ಯಾರೂ ಇರಲ್ಲ ಎಂದರು.

ಕಟಿಂಗ್ ಮಾವ ಯಂತ್ರ ನಿಲ್ಲಿಸಿದರು. ಅವರ ಮೊಮ್ಮಗಳು ಅದೇ ಸ್ಕೂಲಿನಲ್ಲಿದ್ದಳು. ಮೂವತ್ತಾರು ಜನ ರೇಡಿಯೊ ಅಕ್ಕನ ಕಡೆ ತಿರುಗಿದರು.

"ನಿಜಾನಾ ಅಕ್ಕಾ?"

ಇಷ್ಟು ದಿನ ಓದಿ ಹೇಳಿದ ಬಾಯಿ ಅದು. ಏನಾದರೂ ಹೇಳಿ ಸಮಾಧಾನ ಮಾಡುವ ಆಸೆ ನಾಲಿಗೆಯ ತುದಿಗೆ ಬಂತು. ಸುಳ್ಳು, ಹೆದರಬೇಡಿ ಅಂದುಬಿಡುವುದು ಎಷ್ಟು ಸುಲಭ. ಅಕ್ಕ ಅದನ್ನು ನುಂಗಿಕೊಂಡಳು.

"ನಂಗೆ ಗೊತ್ತಿಲ್ಲ. ಒಂದು ಗಂಟೆ ಕೊಡಿ, ತಿಳ್ಕೊಂಡು ಬರ್ತೀನಿ. ಅಲ್ಲೀವರೆಗೂ ನಲ್ಲಿ ನೀರು ಯಾರೂ ಕುಡೀಬೇಡಿ. ಸ್ಕೂಲಿಗೂ ಅಷ್ಟೇ ಹೇಳಿ, ಮಕ್ಕಳಿಗೆ ನೀರು ಕೊಡಬೇಡಿ ಅಂತ. ಸತ್ರು ಅಂತ ಮಾತ್ರ ಹೇಳಬೇಡಿ."

ಸಂದೇಶವನ್ನು ಇನ್ನೊಮ್ಮೆ ಹಾಕಿಸಿ ಕೇಳಿದಳು. ಮಕ್ಕಳ ಬೀದಿಯ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ, ಹೇಳುವವನ ಹೆಸರಿಲ್ಲ. ಈಗಷ್ಟೇ ಎನ್ನುವುದು ಯಾವಾಗಿನ ಈಗ? ಆದರೆ ಹೆಸರಿಲ್ಲದ ಮಾತ್ರಕ್ಕೆ ಸುಳ್ಳೇ ಆಗಬೇಕೆಂದಿಲ್ಲ. ಆಸ್ಪತ್ರೆಗೆ ಫೋನು ಮಾಡಿದಳು, ಲೈನು ಬಿಡುವಿಲ್ಲ. ಕಪ್ಪು ಪೇಪರಿನ ಊರಿನ ವರದಿಗಾರನ ನಂಬರು ಪತ್ರಿಕೆಯ ಕೊನೆಯ ಪುಟದಲ್ಲೇ ಇತ್ತು. ಅವನು ಎತ್ತಿದ. ನಾನೂ ದಾರಿಯಲ್ಲಿದೀನಿ, ಆಸ್ಪತ್ರೆಗೆ ಹೋಗ್ತಿದೀನಿ, ನೋಡದೆ ಏನೂ ಹೇಳಲಾರೆ ಎಂದ. ಹಾಗಾದರೆ ನಾವು ನೀರಿನ ಕಡೆ ಹೋಗ್ತೀವಿ, ಆಮೇಲೆ ಮಾತಾಡೋಣ ಅಂದಳು ಅಕ್ಕ, ಅವನ ಮೇಲಧಿಕಾರಿಯ ಹಾಗೆ.

ಯಜಮಾನರು ಕೇಳುವ ಮೊದಲೇ ಸ್ಕೂಟರಿನ ಬೀಗದ ಕೈ ಕೊಟ್ಟರು. ಮಾವ ಓಡಿಸಿದರು, ಅಕ್ಕ ಹಿಂದೆ ಕೂತಳು. ಬೀದಿಯ ತುಂಬ ಬಾಟಲಿ ನೀರಿಗೆ ನೂಕುನುಗ್ಗಲು. ಒಂದು ಅಂಗಡಿಯವನು ಬಾಗಿಲು ಎಳೆದುಕೊಂಡಿದ್ದ. ಅರವತ್ತು ದಾಟಿದ ಮಾವ ಆ ಜನಜಂಗುಳಿಯಲ್ಲಿ ಹಾವಿನ ಹಾಗೆ ಸ್ಕೂಟರು ನುಸುಳಿಸಿದರು. ಅಕ್ಕನಿಗೆ ಹೆದರಿಕೆಯಿತ್ತು, ಇಲ್ಲವೆಂದಲ್ಲ. ಆದರೆ ಇಡೀ ಊರು ಒಂದು ಕಡೆ ಓಡುತ್ತಿರುವಾಗ ತಾವಿಬ್ಬರೂ ಸುದ್ದಿ ಹುಟ್ಟಿದ ಜಾಗಕ್ಕೇ ಹೋಗುತ್ತಿದ್ದೇವೆ ಎಂಬ ರೋಮಾಂಚನ ಆ ಹೆದರಿಕೆಯನ್ನು ಹಿಂದೆ ಹಾಕಿತ್ತು.

ನೀರು ಶುದ್ಧ ಮಾಡುವ ಕೇಂದ್ರದ ಗೇಟಿನಲ್ಲಿ ಕಾವಲುಗಾರ ಒಳಗೆ ಬಿಡಲಿಲ್ಲ. ಮಾವ ಜೋರು ಮಾಡಲು ಹೋದರು. ಅಕ್ಕ ತಡೆದು, ಒಳಗಿರುವವರು ಯಾರಾದರೂ ಹೊರಗೆ ಬರಬಹುದಲ್ಲ ಎಂದಳು. ಅವಳು ಕೇಳಿದ್ದು ಆಚೆ ಬೀದಿಗೂ ಕೇಳಿಸಿರಬೇಕು, ಏಕೆಂದರೆ ಎರಡು ನಿಮಿಷದಲ್ಲಿ ಬಿಳಿ ಕೋಟು ತೊಟ್ಟ ಒಬ್ಬ ಹೆಂಗಸು ಬಂದರು. ನೀರು ಪರೀಕ್ಷೆ ಮಾಡುವ ಮೇಡಂ. ಬೆಳಗಿನಿಂದ ಫೋನಿಗೆ ಉತ್ತರ ಹೇಳಿ ಹೇಳಿ ಸೋತ ಮುಖ. ಬೈಯಲು ಬಂದವರಲ್ಲ, ಕೇಳಲು ಬಂದವರು ಎಂದು ತಿಳಿದದ್ದೇ ಆ ಮುಖ ಸಡಿಲವಾಯಿತು.

ಅವರು ಮುಚ್ಚಿಡಲಿಲ್ಲ. ಹಿಂದಿನ ದಿನ ಪೂರ್ವದ ಟ್ಯಾಂಕನ್ನು ತೊಳೆದು ಬ್ಲೀಚಿಂಗ್ ಪುಡಿ ಹಾಕಿದ್ದರು. ಆ ಮೊದಲ ನೀರನ್ನು ಚರಂಡಿಗೆ ಬಿಟ್ಟು ಖಾಲಿ ಮಾಡಬೇಕು. ಬೆಳಗಿನ ಪಾಳಿಯವರು ಅದಕ್ಕೆ ಮೊದಲೇ ವಾಲ್ವು ತಿರುಗಿಸಿಬಿಟ್ಟಿದ್ದರು. ಪೂರ್ವದ ಆರು ಬೀದಿಗೆ ಘಾಟು ನೀರು ಹೋಗಿತ್ತು. ಗೊತ್ತಾದ ಕೂಡಲೇ ಒಂಬತ್ತಕ್ಕೆ ನಿಲ್ಲಿಸಿದ್ದರು. ಉಳಿದ ಊರಿಗೆ ಹೋಗುವುದು ಬೇರೆ ಟ್ಯಾಂಕಿನ ನೀರು.

ಬಾಯಿಮಾತು ಸಾಕಾಗಲಿಲ್ಲ ಅಕ್ಕನಿಗೆ. ತೋರಿಸ್ತೀರಾ ಎಂದು ಕೇಳಿದಳು. ಮೇಡಂ ಎರಡು ಗಾಜಿನ ಕೊಳವೆ ತಂದು, ಎರಡು ಕಡೆಯ ನೀರು ತುಂಬಿ, ಬ್ಲೀಚಿಂಗ್ ಪುಡಿಯ ಅಂಶ ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸುವ ಮದ್ದಿನ ಹನಿ ಒಂದೊಂದಕ್ಕೂ ಬಿಟ್ಟರು. ಊರಿನ ನೀರು ತಿಳಿ ಹಳದಿಯಾಯಿತು, ಅದು ಇರಬೇಕಾದ ಬಣ್ಣ. ಪೂರ್ವದ ನೀರು ನೋಡನೋಡುತ್ತ ಕಿತ್ತಳೆಯಾಯಿತು. ಅಕ್ಕ ಬಿಸಿಲಿಗೆ ಹಿಡಿದು ನೋಡಿದಳು, ಮಾವನಿಗೂ ಕೊಟ್ಟಳು. ಆ ಎರಡು ಬಣ್ಣ ಅವಳಿಗೆ ಯಾವ ದಪ್ಪಕ್ಷರಕ್ಕಿಂತ ಸ್ಪಷ್ಟವಾಗಿ ಮಾತಾಡಿದವು.

ಆಗಲೇ ವರದಿಗಾರನ ಫೋನು ಬಂತು. ಅವನು ಮಕ್ಕಳ ವಾರ್ಡಿನಲ್ಲೇ ನಿಂತಿದ್ದ. ಪೂರ್ವದ ಬೀದಿಯ ಇಬ್ಬರು ಮಕ್ಕಳು ವಾಂತಿಯೆಂದು ಬಂದಿದ್ದರು, ಒಬ್ಬಳು ಮನೆಗೆ ಹೋದಳು, ಇನ್ನೊಬ್ಬ ಹಾಸಿಗೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಾನೆ, ಬೇಕಾದರೆ ನರ್ಸಮ್ಮನಿಗೆ ಕೊಡ್ತೀನಿ ಎಂದ. ಕೊಡಿ ಅಂದಳು ಅಕ್ಕ. ನರ್ಸಮ್ಮ ಅದನ್ನೇ ಹೇಳಿದರು. ಯಾರೂ ಸತ್ತಿರಲಿಲ್ಲ. ಫೋನು ಇಟ್ಟ ಮೇಲೆ ಮಾವ ಸ್ಕೂಟರಿನ ಸೀಟು ಹಿಡಿದು ಒಂದು ಗಳಿಗೆ ತಲೆ ತಗ್ಗಿಸಿ ನಿಂತರು. ಅಕ್ಕ ಬೇರೆ ಕಡೆ ನೋಡುತ್ತ ರದ್ದಿ ಕಾಗದದಲ್ಲಿ ಬರೆದುಕೊಂಡಳು.

ಶೆಡ್ಡಿಗೆ ಮರಳಿದಾಗ ಪಕ್ಕದ ಡಬ್ಬಿ ಕಾರ್ಖಾನೆಯವರೂ ಎದುರಿನ ಗ್ಯಾರೇಜಿನವರೂ ಬಂದು ತುಂಬಿದ್ದರು. ಅಕ್ಕ ಮಡಿಕೆ ಮೇಜಿನ ಮೇಲೇ ಹತ್ತಿದಳು. ಏರಿಳಿತವಿಲ್ಲದೆ, ಗುಡುಗಿಲ್ಲದೆ ಓದಿದಳು. ತಾನು ಕಣ್ಣಾರೆ ಕಂಡದ್ದು ಎರಡು ಕೊಳವೆಯ ಬಣ್ಣ. ಕೇಳಿದ್ದು ಮೇಡಂ, ವರದಿಗಾರ, ನರ್ಸಮ್ಮ ಹೇಳಿದ ಮಾತು. ಗೊತ್ತಿಲ್ಲದ್ದು, ಸಂದೇಶ ಹುಟ್ಟಿಸಿದವನು ಯಾರು ಎಂಬುದು. ಮೇಡಂ ಹೇಳಿದಂತೆ ಪೂರ್ವದ ಆರು ಬೀದಿಯವರು ಸಂಜೆ ನಾಲ್ಕರವರೆಗೆ ನೀರು ಕುಡಿಯಬಾರದು, ಆಮೇಲೂ ಮೊದಲ ಬಿಂದಿಗೆಯನ್ನು ಚೆಲ್ಲಬೇಕು. ಉಳಿದವರು ಕುಡಿಯಬಹುದು. ಹೇಳಿ ಮುಗಿಸಿದವಳೇ ಕೆಳಗಿಳಿದು, ಶೆಡ್ಡಿನ ನಲ್ಲಿಯಿಂದ ಒಂದು ಲೋಟ ತುಂಬಿ ಎಲ್ಲರೆದುರು ಗಟಗಟ ಕುಡಿದಳು. ಎರಡನೆಯ ಲೋಟ ಮಾವ ಕುಡಿದರು.

ತಡೆದಿಟ್ಟ ಉಸಿರೆಲ್ಲ ಒಟ್ಟಿಗೆ ಹೊರಬಂದಿತು. ಹೊಲಿಗೆಯವಳು ಅಳುತ್ತಲೇ ನಕ್ಕಳು. ಗ್ಯಾರೇಜಿನವರು ಆ ಕಾಗದದ ಫೋಟೊ ತೆಗೆದು ತಮ್ಮ ಬೀದಿಗೆ ಕಳಿಸಿದರು. ಸ್ಕೂಲಿನ ಹೆಡ್‌ಮೇಡಂ ಫೋನು ಮಾಡಿ ಇನ್ನೊಮ್ಮೆ ಓದಿಸಿಕೊಂಡರು. ಎರಡು ಗಂಟೆಯ ಹೊತ್ತಿಗೆ ಬಾಟಲಿ ಅಂಗಡಿಯ ಮುಂದಿನ ಸಾಲು ಕರಗಿತ್ತು. ಟಿವಿಯ ಕೆಂಪಕ್ಷರ ಕಾಣೆಯಾದದ್ದು ಮೂರೂವರೆಗೆ, ಒಂದು ಮಾತೂ ಹೇಳದೆ.

ಸಂಜೆ ಮನೆಗೆ ಬಂದಾಗ ಅತ್ತೆ ಟಿವಿ ಆರಿಸಿ ಕೂತಿದ್ದರು. ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಅಕ್ಕ ಲೋಟ ತಂದುಕೊಟ್ಟಳು. ಅತ್ತೆ ಅದನ್ನು ಮುಗಿಸಿ, ಬಾಯಿ ಒರೆಸಿಕೊಂಡರು. ಆಮೇಲೆ ಕೇಳಿದರು.

"ನೀನು ಅಲ್ಲಿಗೇ ಹೋಗಿ ನೋಡಿದೆಯಾ?"

"ನೋಡಿದೆ ಅತ್ತೆ."

"ಏನು ಬಣ್ಣ ಬಂತು ಅಂದೆ?"

ಅಕ್ಕ ಮೊದಲಿನಿಂದ ಹೇಳಿದಳು. ಅತ್ತೆ ಎರಡು ಸಲ ಹೇಳಿಸಿಕೊಂಡು, ಮರುದಿನ ನೆರೆಮನೆಯವರಿಗೆಲ್ಲ ತಾವೇ ಕೊಳವೆ ಹಿಡಿದು ನಿಂತಿದ್ದವರ ಹಾಗೆ ಹೇಳಿದರು.

ಮುಂದಿನ ವಾರ ನೀರಿನ ಕೇಂದ್ರದ ಗೇಟಿಗೆ ಶೆಡ್ಡಿನ ಹನ್ನೆರಡು ಹೆಂಗಸರು ಹೋದರು. ದಿನಾ ಪರೀಕ್ಷೆ ಮಾಡ್ತೀರಲ್ಲ, ಅದನ್ನು ಹೊರಗೆ ಬರೆದುಹಾಕಿ ಎಂದು ಕೇಳಿದರು. ಮೇಲಿನವರು ಒಪ್ಪಲು ಎರಡು ತಿಂಗಳು ಹಿಡಿಯಿತು. ಪರೀಕ್ಷೆಯ ಮೇಡಂ ಒಳಗಿನಿಂದ ನೂಕಿದರು, ಕಪ್ಪು ಪೇಪರು ಹೊರಗಿನಿಂದ ಬರೆಯಿತು, ಅಚ್ಚರಿಯೆಂಬಂತೆ ಬಣ್ಣದ ಪೇಪರೂ ಬರೆಯಿತು. ಕೊನೆಗೊಂದು ಸೋಮವಾರ ಗೇಟಿನ ಪಕ್ಕದಲ್ಲಿ ಹಸಿರು ಬೋರ್ಡು ನಿಂತಿತು. ಪ್ರತಿ ಟ್ಯಾಂಕಿಗೆ ಒಂದು ಸಾಲು, ಅದರಲ್ಲಿ ಕ್ರಿಮಿ ಕೊಲ್ಲುವ ಬ್ಲೀಚಿಂಗ್ ಅಂಶ ನೀರಿನಲ್ಲಿ ಎಷ್ಟಿದೆಯೆಂಬ ಆ ದಿನದ ಅಂಕಿ. ಆ ಬೆಳಿಗ್ಗೆ ಶೆಡ್ಡಿನವರು ಎರಡು ನಿಲ್ದಾಣ ಮೊದಲೇ ಬಸ್ಸಿಳಿದು ಬೋರ್ಡಿನ ಮುಂದೆ ಗುಂಪುಗಟ್ಟಿದರು. ಓದಲು ಬರುವವರು ಓದಿದರು, ಬಾರದವರು ಓದಿಸಿಕೊಂಡರು, ಅಂಕಿ ಎಷ್ಟಿದ್ದರೆ ಒಳ್ಳೆಯದು ಎಂದು ಎಲ್ಲರೂ ಒಟ್ಟಿಗೆ ಮಾತಾಡಿದರು.

ಆ ಬೋರ್ಡು ನೋಡುವುದು ಊರಿಗೆ ರೂಢಿಯಾಯಿತು. ವರ್ಷವೊಂದು ಕಳೆದ ಮೇಲೆ, ಒಂದು ಬೆಳಿಗ್ಗೆ ಪಶ್ಚಿಮದ ಟ್ಯಾಂಕಿನ ಸಾಲಿನಲ್ಲಿ ಅಂಕಿ ಇರಬೇಕಾದುದಕ್ಕಿಂತ ಕೆಳಗಿತ್ತು. ಮೊದಲು ಕಂಡದ್ದು ಹೊಲಿಗೆಯ ಹುಡುಗಿಗೆ. ಅವಳು ಅಕ್ಕನಿಗೆ ಹೇಳಿದಳು, ಅಕ್ಕ ಹೋಗಿ ನೋಡಿದಳು, ಮೇಡಂ ಬಂದು ಹೌದೆಂದರು, ನೀರು ಕಾಯಿಸಿ ಕುಡಿಯಿರಿ ಎಂದು ಕೆಳಗೆ ಬರೆದರು. ಅಕ್ಕ ಬಸ್ಸಿಗೆ ಕಾಯುತ್ತಿದ್ದಾಗ ವರದಿಗಾರನ ಫೋನು ಬಂತು. ಸುದ್ದಿ ಅವನ ಕಿವಿಗೂ ಬಿದ್ದಿತ್ತು.

"ಅಕ್ಕಾ, ನೀವೇ ಕಣ್ಣಾರೆ ನೋಡಿದ್ರಾ? ಹಾಗಾದ್ರೆ ಸಾಕು, ಬರೆದುಬಿಡ್ತೀನಿ."

"ನೋಡಿದೆ. ಆದರೆ ನನ್ನ ಮಾತು ಸಾಲದು, ನೀವೂ ಬಂದು ನೋಡಿ. ಇಲ್ಲೇ ಇರ್ತೀನಿ," ಎಂದಳು ಅಕ್ಕ. ಬಂದ ಬಸ್ಸನ್ನು ಹೋಗಲು ಬಿಟ್ಟು, ಬೋರ್ಡಿನ ಪಕ್ಕದ ಕಟ್ಟೆಯ ಮೇಲೆ ಕೂತಳು.